ಅಮರಕೋಶದ ದಾರಿಯಲ್ಲಿ ಜರ್ಮನ್: ಬಾಯಿಪಾಠದ ಹಳೇ ವಿದ್ಯೆ ಹೊಸ ಭಾಷೆಗೆ ಒದಗುತ್ತಾ?

ಪ್ರಶ್ನೆ: ನಾನು ನರ್ಸ್, ವಯಸ್ಸು 34. ಊರು ಹಾಸನ ಜಿಲ್ಲೆ, ಈಗ ಬೆಂಗಳೂರಿನಲ್ಲಿದ್ದೇನೆ. ಜರ್ಮನಿಗೆ ಕೆಲಸಕ್ಕೆ ಹೋಗಲು ಜರ್ಮನ್ ಭಾಷೆಯ ಬಿ1 ಮಟ್ಟದ ಪರೀಕ್ಷೆಗೆ ಓದುತ್ತಿದ್ದೇನೆ. ಬೆಳಿಗ್ಗೆ ಓದಿದ ಪದ ಸಂಜೆಗೆ ಇರುವುದಿಲ್ಲ. ಪದದ ಲಿಂಗ ತೋರಿಸುವ ಡೆರ್ (ಗಂಡು), ಡೀ (ಹೆಣ್ಣು), ಡಾಸ್ (ನಪುಂಸಕ) ಅಂತೂ ಪೂರ್ತಿ ಕಲಸಿಹೋಗಿದೆ. ನಮ್ಮ ತಾಯಿಯ ತಂದೆ ಎಂಬತ್ತು ದಾಟಿದ ಮೇಲೂ ಶ್ಲೋಕರೂಪದ ಸಂಸ್ಕೃತ ನಿಘಂಟು ಅಮರಕೋಶವನ್ನು ಪುಸ್ತಕ ನೋಡದೆ ಹೇಳುತ್ತಿದ್ದರು. ಅವರು ಕಲಿತ ವಿಧಾನ ನನಗೆ ಉಪಯೋಗಕ್ಕೆ ಬರುತ್ತದೆಯೇ? ವೇದಕಾಲದ ನೆನಪಿನ ವಿದ್ಯೆ ಕಲಿಸುತ್ತೇವೆ ಅನ್ನುವ ಆನ್‌ಲೈನ್ ಕೋರ್ಸ್ ಒಂದಿದೆ, 18,000 ರೂಪಾಯಿ. ಸೇರಲೇ? ಅಥವಾ ಈ ವಯಸ್ಸಿಗೆ ತಲೆ ಮೊಂಡಾಗಿದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ತಲೆ ಮೊಂಡಾಗಿಲ್ಲ. ನಾನು ಅಮರ ಕಲಿತದ್ದು ಎಂಟನೇ ವಯಸ್ಸಿನಲ್ಲಿ, ನಮ್ಮಜ್ಜನ ಮುಂದೆ ಕೂತು. ಜರ್ಮನ್ ಕಲಿತದ್ದು ನಲವತ್ತೊಂದರಲ್ಲಿ. ಎಂಟರಲ್ಲಿ ಬೇಗ ಬಂತು, ನಿಜ. ಆದರೆ ಆಗ ನನಗೆ ಅಜ್ಜ ಇದ್ದರು. ಸಂಜೆ ದೀಪ ಹಚ್ಚಿದ ಮೇಲೆ ಕೂರಿಸಿಕೊಳ್ಳುತ್ತಿದ್ದರು. ನಿನ್ನೆಯದನ್ನು ಒಪ್ಪಿಸದೆ ಹೊಸ ಶ್ಲೋಕ ಸಿಗುತ್ತಿರಲಿಲ್ಲ. ನಲವತ್ತೊಂದರಲ್ಲಿ ನನ್ನ ಹತ್ತಿರ ಇದ್ದದ್ದು ಒಂದು ನೋಟ್‌ಬುಕ್. ಎಡಗಡೆ ಜರ್ಮನ್, ಬಲಗಡೆ ಇಂಗ್ಲಿಷ್. ಬಸ್ಸಿನಲ್ಲಿ, ಮಲಗುವ ಮುಂಚೆ, ನೋಡಿ ನೋಡಿ ಓದುತ್ತಿದ್ದೆ. ಆರು ತಿಂಗಳಾದರೂ ನಿಮ್ಮ ಹಾಗೇ, ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಅಜ್ಜ ಮಾಡಿಸಿದ್ದನ್ನು ನನಗೆ ನಾನೇ ಮಾಡಿಸಿಕೊಳ್ಳಲು ಶುರು ಮಾಡಿದ ಮೇಲೆ ಪದಗಳು ನಿಲ್ಲತೊಡಗಿದವು.

‘ಒಪ್ಪಿಸುವುದು’ ಅನ್ನುವ ಮಾತನ್ನು ದಯವಿಟ್ಟು ಹಿಡಿದುಕೊಳ್ಳಿ. ವೇದಪಾಠಶಾಲೆ ಇರಲಿ, ಮದ್ರಸಾ ಇರಲಿ, ಚೀನಾದ ಹಳೇ ಊರಶಾಲೆ ಇರಲಿ, ಎಲ್ಲ ಕಡೆ ಕಲಿಕೆಯ ತಿರುಳು ಇದೇ. ಪುಸ್ತಕ ಮುಚ್ಚಿ, ಇನ್ನೊಬ್ಬರ ಎದುರು, ಬಾಯಿಬಿಟ್ಟು ಹೇಳಬೇಕು. ತಪ್ಪಿದರೆ ಅವರು ತಿದ್ದಬೇಕು. ಮಿಕ್ಕ ಉಪಾಯಗಳೆಲ್ಲ ಒಪ್ಪಿಸುವುದನ್ನು ಹಗುರ ಮಾಡಲು ಇರುವಂಥವು.

ಕೋರ್ಸ್ ವಿಷಯ. ಬೇಡ. ಆ ದುಡ್ಡನ್ನು ಪರೀಕ್ಷಾ ಶುಲ್ಕಕ್ಕೆ ಇಟ್ಟುಕೊಳ್ಳಿ. ಇಂಥ ಕಡೆ ಸಾಮಾನ್ಯವಾಗಿ ಹೇಳಿಕೊಡುವುದು ಮನಸ್ಸಿನಲ್ಲೇ ಒಂದು ಮನೆ ಕಟ್ಟಿ, ಕೋಣೆ ಕೋಣೆಯಲ್ಲೂ ಒಂದೊಂದು ಚಿತ್ರ ಇಡುವ ವಿಧಾನ. ಅದು ವೇದಕಾಲದ್ದಲ್ಲ, ಗ್ರೀಕರು ಮತ್ತು ರೋಮನ್ನರದ್ದು. ಮತ್ತಿಯೋ ರಿಚಿ ಎಂಬ ಇಟಲಿಯ ಪಾದ್ರಿ 1596ರಲ್ಲಿ ಚೀನಾದ ನಾನ್‌ಚಾಂಗ್‌ನಲ್ಲಿದ್ದಾಗ, ಅಲ್ಲಿನ ಗವರ್ನರ್ ಮಕ್ಕಳಿಗಾಗಿ ಈ ವಿಧಾನದ ಮೇಲೆ ಚೀನೀ ಭಾಷೆಯಲ್ಲೇ ಒಂದು ಪುಸ್ತಕ ಬರೆದುಕೊಟ್ಟ. ಅದನ್ನು ನೋಡಿದ ಹಿರಿಯ ಮಗ, ವಿಧಾನವೇನೋ ಸರಿ, ಆದರೆ ಇದನ್ನು ಬಳಸುವುದಕ್ಕೇ ಬಹಳ ಒಳ್ಳೆಯ ನೆನಪಿನ ಶಕ್ತಿ ಬೇಕಲ್ಲ ಅಂದನಂತೆ. ನನಗೂ ಹಾಗೇ ಅನ್ನಿಸುತ್ತದೆ. ಒಂದು ಪಟ್ಟಿಯನ್ನು ಒಮ್ಮೆ ಒಪ್ಪಿಸಲು ಅದು ಸಾಕು. ಹಾಸಿಗೆಯಲ್ಲಿರುವ ರೋಗಿ ಏನೋ ಕೇಳಿದಾಗ ಮನಸ್ಸಿನ ಮನೆಯಲ್ಲಿ ಕೋಣೆ ಹುಡುಕುತ್ತಾ ನಿಲ್ಲಲು ಆಗುವುದಿಲ್ಲ.

ಈಗ ನಿಮ್ಮ ಅಜ್ಜನ ಅಮರಕೋಶಕ್ಕೆ ಬರೋಣ. ನಿಮ್ಮ ಡೆರ್, ಡೀ, ಡಾಸ್ ಕಷ್ಟಕ್ಕೆ ಔಷಧಿ ಅಲ್ಲೇ ಇದೆ. ಅಮರಸಿಂಹ ಆ ಪುಸ್ತಕಕ್ಕೆ ಇಟ್ಟ ಹೆಸರು ‘ನಾಮಲಿಂಗಾನುಶಾಸನ’. ಹೆಸರುಗಳನ್ನೂ ಅವುಗಳ ಲಿಂಗವನ್ನೂ ಒಟ್ಟಿಗೇ ಕಲಿಸುವುದು ಅಂತ ಅರ್ಥ. ಲಿಂಗ ಬಿಟ್ಟು ಹೆಸರು ಕಲಿಸುವ ಯೋಚನೆಯೇ ಅವನಿಗೆ ಇರಲಿಲ್ಲ. ಪ್ರಾರ್ಥನೆ, ಪೀಠಿಕೆ ಮುಗಿದ ಮೇಲೆ ಮೊದಲು ಬರುವುದು ಸ್ವರ್ಗದ ಹೆಸರುಗಳು:

ಸ್ವರವ್ಯಯಂ ಸ್ವರ್ಗನಾಕತ್ರಿದಿವತ್ರಿದಶಾಲಯಾಃ
ಸುರಲೋಕೋ ದ್ಯೋದಿವೌ ದ್ವೇ ಸ್ತ್ರಿಯಾಂ ಕ್ಲೀಬೇ ತ್ರಿವಿಷ್ಟಪಮ್

ಮೂವತ್ತೆರಡು ಅಕ್ಷರದಲ್ಲಿ ಸ್ವರ್ಗಕ್ಕೆ ಒಂಬತ್ತು ಹೆಸರು. ‘ಸ್ವರ್’ ಅವ್ಯಯ ಅಂತ ಅಲ್ಲೇ ಹೇಳಿಬಿಟ್ಟ. ಸ್ವರ್ಗ, ನಾಕ, ತ್ರಿದಿವ, ತ್ರಿದಶಾಲಯ, ಸುರಲೋಕ ಪುಲ್ಲಿಂಗ, ಅದು ಪದದ ಕೊನೆಯಲ್ಲೇ ಕೇಳಿಸುತ್ತದೆ. ದ್ಯೋ, ದಿವ್ ಎರಡೂ ಸ್ತ್ರೀಲಿಂಗ, ‘ದ್ವೇ ಸ್ತ್ರಿಯಾಂ’. ತ್ರಿವಿಷ್ಟಪ ನಪುಂಸಕ, ‘ಕ್ಲೀಬೇ’. ಎಂಟು ವರ್ಷದ ಮಗುವಿಗೆ ಇದೊಂದೂ ಗೊತ್ತಾಗುವುದಿಲ್ಲ. ಸುಮ್ನೆ ರಾಗವಾಗಿ ಹೇಳುತ್ತದೆ. ಹತ್ತು ವರ್ಷ ಕಳೆದು ವ್ಯಾಕರಣ ಓದುವಾಗ, ದ್ಯೋ ಯಾವ ಲಿಂಗ ಅಂತ ಕೇಳಿದರೆ ಯೋಚಿಸುವ ಮುಂಚೆಯೇ ಬಾಯಲ್ಲಿ ‘ದ್ವೇ ಸ್ತ್ರಿಯಾಂ’ ಬಂದಿರುತ್ತದೆ. ಇಡೀ ಪುಸ್ತಕದಲ್ಲಿ ಇಂಥ ಸುಮಾರು 1,500 ಶ್ಲೋಕ, ಸುಮಾರು 10,000 ಪದ. ನಿಮ್ಮಜ್ಜನ ಬಾಯಲ್ಲಿ ಇದ್ದದ್ದು ಅಷ್ಟು. ಜರ್ಮನ್ ಪರೀಕ್ಷೆ ನಡೆಸುವ ಗೋಯೆಥೆ ಸಂಸ್ಥೆಯ ಬಿ1 ಪದಪಟ್ಟಿಯಲ್ಲಿರುವುದು ಸುಮಾರು 2,400.

ಕನ್ನಡದವರಿಗೆ ಈ ಲಿಂಗದ ಲೆಕ್ಕ ಕಷ್ಟ ಯಾಕೆ ಅಂತ ಬೇರೆ ಹೇಳಬೇಕಿಲ್ಲ. ನಮ್ಮಲ್ಲಿ ಮೇಜು, ಚಮಚ, ಸೂಜಿ ಎಲ್ಲ ‘ಅದು’. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಹುಡುಗಿಯೇ ನಪುಂಸಕ, ಡಾಸ್ ಮೇಡ್‌ಶೆನ್! ಇದಕ್ಕೆ ಕಾರಣ ಹುಡುಕುತ್ತಾ ಕೂತರೆ ವರ್ಷ ಕಳೆಯುತ್ತದೆ. ಸಂಸ್ಕೃತದಲ್ಲೂ ಹೆಂಡತಿಗೆ ಭಾರ್ಯಾ ಅಂದರೆ ಸ್ತ್ರೀಲಿಂಗ, ಕಲತ್ರಂ ಅಂದರೆ ನಪುಂಸಕ, ದಾರಾಃ ಅಂದರೆ ಪುಲ್ಲಿಂಗ, ಅದೂ ಬಹುವಚನ. ನಮ್ಮ ಹಿರಿಯರು ಕಾರಣ ಕೇಳದೆ ನಾಲಿಗೆಗೆ ಒಗ್ಗಿಸಿಕೊಂಡರು. ನೀವೂ ಹಾಗೇ ಮಾಡಿ.

ಅಮರ ಪದಗಳನ್ನು ಅಕಾರಾದಿಯಾಗಿ ಜೋಡಿಸಲಿಲ್ಲ, ವರ್ಗ ಮಾಡಿದ. ಊರಿನ ಮಾತೆಲ್ಲ ಒಂದು ಕಡೆ, ಗಿಡಮೂಲಿಕೆ ಒಂದು ಕಡೆ, ಮನುಷ್ಯರ ಮೈ, ರೋಗ, ವೈದ್ಯ ಎಲ್ಲ ಮನುಷ್ಯವರ್ಗದಲ್ಲಿ. ನಿಮ್ಮ ಕೆಲಸಕ್ಕೆ ಬೇಕಾದ ವರ್ಗ ಅದೇ ಅಲ್ವಾ? ಹಾಗಾದರೆ ಮೈಯ ಅಂಗಗಳಿಂದ ಒಂದು ಪುಟ್ಟ ವರ್ಗ ಕಟ್ಟೋಣ. ಇದಕ್ಕೆ ಕೊರಿಯಾದಿಂದ ಒಂದು ಉಪಾಯ ಸೇರಿಸಿಕೊಳ್ಳೋಣ. ಚೀನಾದಲ್ಲಿ ಆರನೇ ಶತಮಾನದಲ್ಲಿ ಝೌ ಶಿಂಗ್‌ಸಿ ಎಂಬಾತ ಒಂದೂ ಅಕ್ಷರ ಮರುಕಳಿಸದಂತೆ 1,000 ಅಕ್ಷರದ ಪದ್ಯ ಕಟ್ಟಿದ. ಒಂದು ಸಾಲಿಗೆ ನಾಲ್ಕು ಅಕ್ಷರದ ಹಾಗೆ 250 ಸಾಲು. ಕೊರಿಯಾದ ಮಕ್ಕಳು ಚೀನೀ ಅಕ್ಷರ ಕಲಿತದ್ದು ಇದರಿಂದಲೇ. ಹೇಗೆ ಹೇಳುತ್ತಿದ್ದರು ಗೊತ್ತಾ? ‘ಹಾನುಲ್ ಚೊನ್, ತಾ ಜಿ.’ ಹಾನುಲ್ ಅಂದರೆ ಅವರ ಮಾತಿನಲ್ಲಿ ಆಕಾಶ, ಚೊನ್ ಅಂದರೆ ಆಕಾಶದ ಚೀನೀ ಅಕ್ಷರವನ್ನು ಅವರು ಓದುವ ಸದ್ದು. ತಾ ಅಂದರೆ ಭೂಮಿ, ಅದರ ಅಕ್ಷರದ ಸದ್ದು ಜಿ. ಮನೆಮಾತಿನ ಪದ ಮುಂದೆ, ಹೊರಗಿನದು ಅದರ ಬೆನ್ನಿಗೆ, ಎರಡೂ ಒಂದೇ ಉಸಿರಿನಲ್ಲಿ. ಹಾಗಾದರೆ ನಿಮ್ಮ ವರ್ಗ ಹೀಗೆ:

ತಲೆ ಡೆರ್ ಕೋಪ್ಫ್, ಬಾಯಿ ಡೆರ್ ಮುಂಡ್, ಹೊಟ್ಟೆ ಡೆರ್ ಬೌಖ್, ಬೆನ್ನು ಡೆರ್ ರ್‍ಯುಕೆನ್
ಕೈ ಡೀ ಹಾಂಡ್, ಮೂಗು ಡೀ ನಾಝೆ, ಭುಜ ಡೀ ಶುಲ್ಟರ್, ಶ್ವಾಸಕೋಶ ಡೀ ಲುಂಗೆ
ಕಣ್ಣು ಡಾಸ್ ಔಗೆ, ಕಿವಿ ಡಾಸ್ ಓರ್, ಮಂಡಿ ಡಾಸ್ ಕ್ನೀ, ಹೃದಯ ಡಾಸ್ ಹೆರ್ತ್ಸ್

ಒಂದು ಸಾಲಿಗೆ ನಾಲ್ಕು, ಒಂದು ಸಾಲಿಗೆ ಒಂದೇ ಲಿಂಗ. ತೊಡೆಯ ಮೇಲೆ ತಾಳ ಹಾಕುತ್ತಾ, ಆಯಾ ಅಂಗವನ್ನು ಮುಟ್ಟುತ್ತಾ ಮಗ್ಗಿಯ ಧಾಟಿಯಲ್ಲಿ ಹೇಳಿ. ಕನ್ನಡ ಲಿಪಿ ಜರ್ಮನ್ ಸದ್ದನ್ನು ಪೂರ್ತಿ ಹಿಡಿಯುವುದಿಲ್ಲ. ಆದ್ದರಿಂದ ಮೊದಲು ಜರ್ಮನ್ನರ ಬಾಯಲ್ಲಿ ಕೇಳಿ, ಆಮೇಲೆ ಹೇಳಿ. ಪಾಠಶಾಲೆಯ ಸಂಥೆಯ ಕ್ರಮವೂ ಇದೇ. ಗುರು ಒಂದು ಸಲ, ಶಿಷ್ಯ ಎರಡು ಸಲ. ಫೋನಿನ ಆಡಿಯೋ ಒಂದು ಸಲ, ನೀವು ಎರಡು ಸಲ. ಈ ವರ್ಗ ಗಟ್ಟಿಯಾದ ಮೇಲೆ ವಾರ್ಡಿನದ್ದು ಕಟ್ಟಿ: ಡೆರ್ ಪುಲ್ಸ್, ಡೆರ್ ಶ್ಮೆರ್ತ್ಸ್, ಡೀ ಟಾಬ್ಲೆಟೆ, ಡೀ ಶ್ಪ್ರಿತ್ಸೆ, ಡಾಸ್ ಫೀಬರ್, ಡಾಸ್ ಬ್ಲೂಟ್. ನೀವೇ ಕಟ್ಟಬೇಕು, ಇನ್ನೊಬ್ಬರು ಕಟ್ಟಿಕೊಟ್ಟದ್ದನ್ನು ಇಸಿದುಕೊಳ್ಳಬೇಡಿ. ಯಾವ ಪದ ಯಾವುದರ ಪಕ್ಕ ಅಂತ ಯೋಚಿಸುವಾಗಲೇ ಅರ್ಧ ಪಾಠ ಆಗಿಬಿಡುತ್ತದೆ.

ಪದವಾಯಿತು. ವಾಕ್ಯಕ್ಕೆ ವೇದಪಾಠದವರ ಹತ್ತಿರ ಹೋಗೋಣ. ಅವರಲ್ಲಿ ಒಂದೇ ಮಂತ್ರವನ್ನು ಹೇಳುವ ಹಲವು ಪಾಠಕ್ರಮಗಳಿವೆ. ಸಂಹಿತೆ, ಪದ, ಕ್ರಮ, ಜಟೆ, ಹೀಗೆ ಏರುತ್ತಾ ಘನದವರೆಗೆ. ಕ್ರಮದಲ್ಲಿ ಎರಡೆರಡು ಪದ ಕೊಂಡಿ ಹಾಕಿಕೊಂಡು ಸಾಗುತ್ತವೆ: ಅಗ್ನಿಂ ಈಳೇ, ಈಳೇ ಪುರೋಹಿತಂ, ಪುರೋಹಿತಂ ಯಜ್ಞಸ್ಯ. ಜಟೆಯಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು. ಘನದಲ್ಲಿ ಮೂರು ಪದ ಹೀಗೆ ಹಿಂದೆ ಮುಂದೆ ಹೊರಳುತ್ತವೆ. ಒಂದು ಸ್ವರವೂ ಜಾರಬಾರದು ಅಂತ ಮಾಡಿದ ಬೇಲಿ ಅದು. ಎಷ್ಟೋ ತಲೆಮಾರು ಬಾಯಿಂದ ಬಾಯಿಗೇ ದಾಟಿ ಬಂದ ಈ ಸಂಪ್ರದಾಯವನ್ನು ಯುನೆಸ್ಕೋ 2003ರಲ್ಲಿ ಮನುಕುಲದ ಪರಂಪರೆ ಅಂತ ಸಾರಿತು.

ಅದರಲ್ಲಿ ನಿಮಗೆ ಬೇಕಾದ್ದು ಕ್ರಮ ಮಾತ್ರ. ಜಟೆ, ಘನ ಬೇಡವೇ ಬೇಡ. ಪದಗಳನ್ನು ಹಿಂದುಮುಂದಾಗಿ ಹೇಳುವ ಅಭ್ಯಾಸ ಮಂತ್ರವನ್ನು ಕಾಯುತ್ತದೆ, ಆದರೆ ಮಾತಾಡಲು ಕಲಿಯುವವರ ನಾಲಿಗೆಗೆ ತಪ್ಪು ಜೋಡಣೆಯ ರುಚಿ ಹತ್ತಿಸುತ್ತದೆ. ಕ್ರಮದಿಂದ ಹೀಗೆ ಮಾಡಿ. ಬೆಳಗಿನ ಪಾಳಿಯಲ್ಲಿ ದಿನಾ ಕೇಳಬೇಕಾದ ಪ್ರಶ್ನೆ: ‘ಹಾಬೆನ್ ಝೀ ಹೊಯ್ಟೆ ನಾಖ್ಟ್ ಗೂಟ್ ಗೆಶ್ಲಾಫೆನ್?’ ರಾತ್ರಿ ಚೆನ್ನಾಗಿ ನಿದ್ದೆ ಬಂತಾ ಅಂತ. ಹಾಬೆನ್ ಝೀ. ಝೀ ಹೊಯ್ಟೆ. ಹೊಯ್ಟೆ ನಾಖ್ಟ್. ನಾಖ್ಟ್ ಗೂಟ್. ಗೂಟ್ ಗೆಶ್ಲಾಫೆನ್. ಆಮೇಲೆ ಮೊದಲ ಪದ ಮತ್ತು ಕೊನೆಯ ಪದಕ್ಕೆ ಗಂಟು: ಹಾಬೆನ್, ಗೆಶ್ಲಾಫೆನ್. ಜರ್ಮನ್‌ನಲ್ಲಿ ಕ್ರಿಯಾಪದ ಹೀಗೆ ಎರಡು ತುಂಡಾಗಿ ಎರಡು ತುದಿಯಲ್ಲಿ ಕೂರುತ್ತದೆ, ಅದಕ್ಕೇ ಈ ಗಂಟು ಬೇಕು. ಕೊನೆಗೆ ಪೂರ್ತಿ ವಾಕ್ಯ ಒಂದೇ ಉಸಿರಿನಲ್ಲಿ. ದಿನಕ್ಕೆ ಇಂಥ ಎರಡು ವಾಕ್ಯ ಸಾಕು, ಜಾಸ್ತಿ ಬೇಡ. ಒಂದು ಮಾತು ನಿಮಗೆ ಸಮಾಧಾನ ಕೊಡಬಹುದು. ‘ವೈಲ್’ ಅಂತ ಶುರುವಾಗುವ ಕಾರಣದ ಮಾತುಗಳಲ್ಲಿ ಜರ್ಮನ್ ಕ್ರಿಯಾಪದ ಕೊನೆಗೆ ಬರುತ್ತದೆ, ನಮ್ಮ ಕನ್ನಡದ ಹಾಗೇ. ಇಂಗ್ಲಿಷಿಗೆ ತಿರುಗಿಸಿಕೊಳ್ಳದೆ ನೇರ ಕನ್ನಡದಿಂದ ಹೋಗಿ, ಹಗುರವಾಗುತ್ತದೆ.

ಸಂಖ್ಯೆಯ ಬಗ್ಗೆ ಒಂದು ಎಚ್ಚರಿಕೆ. ನಾವು ಐವತ್ತೆರಡು ಅನ್ನುತ್ತೇವೆ, ಹತ್ತರ ಸ್ಥಾನ ಮೊದಲು. ಜರ್ಮನ್ನರು ಎರಡು-ಮತ್ತು-ಐವತ್ತು ಅನ್ನುತ್ತಾರೆ, ತ್ಸ್ವೈ-ಉಂಡ್-ಫ್ಯುನ್ಫ್‌ತ್ಸಿಶ್. ಸಂಸ್ಕೃತದ ದ್ವಿಪಂಚಾಶತ್ ಕೂಡ ಹಾಗೇ. ಸಂಗೀತ ಕಲಿತವರಿಗೆ ಅಕ್ಷರಗಳಿಂದ ಅಂಕಿ ಸೂಚಿಸುವ ಕಟಪಯಾದಿ ಗೊತ್ತಿರುತ್ತದೆ. ಮಾಯಾಮಾಳವಗೌಳ ರಾಗದ ಹೆಸರಿನಲ್ಲಿ ಮ ಅಂದರೆ 5, ಯ ಅಂದರೆ 1, ತಿರುಗಿಸಿ ಓದಿದರೆ 15ನೇ ಮೇಳ. ಬಿಡಿಸ್ಥಾನ ಮೊದಲು ಹೇಳುವುದು ನಮ್ಮ ನೆಲಕ್ಕೂ ಹೊಸದಲ್ಲ. ಆದರೆ ನರ್ಸ್ ಕೆಲಸದಲ್ಲಿ 52 ಮತ್ತು 25 ಅದಲುಬದಲಾದರೆ ಆಗುವ ಅನಾಹುತ ನಿಮಗೇ ಗೊತ್ತು. ಆದ್ದರಿಂದ 21ರಿಂದ 99ರವರೆಗೆ ಮಗ್ಗಿಯ ಹಾಗೆ ದಿನಾ ಒಂದು ಸಲ. ಫೋನ್ ನಂಬರ್, ಬಿಪಿ, ಜ್ವರದ ಅಂಕಿ ಎಲ್ಲವನ್ನೂ ಕೇಳಿಸಿಕೊಂಡು ಬರೆದುಕೊಳ್ಳುವ ಅಭ್ಯಾಸ ಮಾಡಿ.

ಸದ್ದಿಗೆ ಸದ್ದು ಹೊಂದಿಸುವ ಆಟವನ್ನು ಜಪಾನಿನವರು ಚೆನ್ನಾಗಿ ಆಡುತ್ತಾರೆ. 4649 ಅಂಕಿಗಳನ್ನು ‘ಯೊ-ರೊ-ಶಿ-ಕು’ ಅಂತ ಓದಿ ನಮಸ್ಕಾರದ ಮಾತು ಮಾಡಿಕೊಳ್ಳುತ್ತಾರೆ. ಹಠ ಮಾಡುವ ಪದಕ್ಕೆ ಇದು ಒದಗುತ್ತದೆ. ‘ಡೀ ಟ್ಯೂರ್’ ಅಂದರೆ ಬಾಗಿಲು, ಬಾಗಿಲಲ್ಲಿ ತೂರಿ ಹೋಗುವುದು ತಾನೇ? ‘ಡೀ ವುಂಡೆ’ ಅಂದರೆ ಗಾಯ, ಊದಿ ಉಂಡೆಯಾಗಿದೆ ಅಂದುಕೊಳ್ಳಿ. ಹತ್ತರಲ್ಲಿ ಒಂದು ಪದಕ್ಕೆ ಮಾತ್ರ ಸಾಕು. ಪದ ತಾನಾಗಿ ನಿಂತ ಮೇಲೆ ಊರುಗೋಲು ಬಿಡಿ.

ಇನ್ನು ಮರೆವಿನ ವಿಷಯ. ನಿಮ್ಮ ಪತ್ರದ ನಿಜವಾದ ನೋವು ಇದೇ. ಬೆಳಿಗ್ಗೆ ಓದಿದ್ದು ಸಂಜೆಗೆ ಹೋಗುವುದು ಎಲ್ಲರ ತಲೆಯ ಗುಣ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಇದನ್ನು ಬರೆದಿಟ್ಟ. ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ ಜಾರುತ್ತದೆ, ಆಮೇಲೆ ನಿಧಾನ. ಇದಕ್ಕೆ ನಾನು ಕಂಡ ಅತ್ಯಂತ ಗಟ್ಟಿಯಾದ ವ್ಯವಸ್ಥೆ ಕುರಾನ್ ಬಾಯಿಪಾಠ ಮಾಡುವವರದ್ದು. 6,200ಕ್ಕೂ ಹೆಚ್ಚು ಆಯತ್‌ಗಳನ್ನು, ಅಂದರೆ ಕುರಾನಿನ ವಚನಗಳನ್ನು, ಎಷ್ಟೋ ಸಲ ಅರಬ್ಬಿ ಮಾತು ಬರದ ಮಕ್ಕಳೇ, ಒಂದಕ್ಷರ ತಪ್ಪದೆ ಹಿಡಿಯುತ್ತಾರೆ. ಅವರ ದಿನ ಮೂರು ಭಾಗ. ಸಬಕ್ ಅಂದರೆ ಇವತ್ತಿನ ಹೊಸ ಪಾಠ. ಸಬ್ಕಿ ಅಂದರೆ ಇತ್ತೀಚೆಗೆ ಕಲಿತದ್ದು. ಮಂಜಿಲ್ ಅಂದರೆ ಹಳೆಯದರ ಸರದಿ. ಮೂರನ್ನೂ ಉಸ್ತಾದರ ಮುಂದೆ ಒಪ್ಪಿಸಬೇಕು. ನನ್ನ ಜರ್ಮನ್ ತರಗತಿಯಲ್ಲಿ ಹೀಗೆ ಕಲಿತ ಒಬ್ಬ ಹುಡುಗ ಇದ್ದ. ನಾವೆಲ್ಲ ಹೊಸ ಪಾಠದ ಹಿಂದೆ ಓಡುವಾಗ ಅವನು ಹಳೇ ಪಾಠ ತಿರುವಿಹಾಕುತ್ತಾ ಕೂತಿರುತ್ತಿದ್ದ. ಯಾಕಪ್ಪಾ ಅಂದರೆ, ‘ಹೊಸದು ಒಂದು ದಿನ ತಪ್ಪಿದರೆ ಒಂದು ದಿನ ಹೋಯಿತು, ಹಳೆಯದು ತಪ್ಪಿದರೆ ಒಂದು ತಿಂಗಳು ಹೋಯಿತು’ ಅಂದ. ವರ್ಷದ ಕೊನೆಗೆ ನಮ್ಮಲ್ಲಿ ತಡವರಿಸದೆ ಮಾತಾಡುತ್ತಿದ್ದವನು ಅವನೊಬ್ಬನೇ. ನಾನು ಅಜ್ಜನ ದಾರಿಗೆ ಮರಳಿದ್ದು ಅವನನ್ನು ನೋಡಿ.

ನಿಮ್ಮ ಪಾಳಿ ಬದಲಾಗುತ್ತಿರುತ್ತದೆ, ದಿನಕ್ಕೆ 40 ನಿಮಿಷ ಸಿಗುತ್ತದೆ ಅಂದುಕೊಳ್ಳೋಣ. ಹೊಸದಕ್ಕೆ 10 ನಿಮಿಷ, ಹತ್ತೇ ಪದ. ಹಿಂದಿನ ಏಳು ದಿನದ್ದಕ್ಕೆ 15. ಅದಕ್ಕೂ ಹಿಂದಿನದಕ್ಕೆ 15. ಪ್ರತಿ ವರ್ಗವನ್ನು ಒಂದು ಚೀಟಿಯಲ್ಲಿ ಬರೆದು ನಂಬರ್ ಹಾಕಿ ಡಬ್ಬಿಯಲ್ಲಿಡಿ. ಮುಂದಿನಿಂದ ನಾಲ್ಕೈದು ಚೀಟಿ ತೆಗೆಯಿರಿ, ಒಪ್ಪಿಸಿ, ಹಿಂದಕ್ಕೆ ಹಾಕಿ. ತಪ್ಪಿದ ಚೀಟಿ ಮಾತ್ರ ಹಿಂದಕ್ಕೆ ಹೋಗಬಾರದು, ನಾಳೆ ಮತ್ತೆ ಬರಬೇಕು. ಡಬಲ್ ಡ್ಯೂಟಿ ಮಾಡಿ ಸುಸ್ತಾದ ದಿನ ಹೊಸದನ್ನು ಬಿಡಿ. ಹಳೆಯದನ್ನು ಬಿಡಬೇಡಿ. ಇದನ್ನೇ ಮಾಡುವ ‘ಅಂಕಿ’ ಎಂಬ ಆ್ಯಪ್ ಇದೆ. ಅದು ನಮ್ಮ ಅಂಕಿ ಅಲ್ಲ, ಜಪಾನೀ ಭಾಷೆಯಲ್ಲಿ ಬಾಯಿಪಾಠಕ್ಕೆ ಇರುವ ಪದ. ಬಳಸಿ, ಆದರೆ ಮನಸ್ಸಿನಲ್ಲೇ ಉತ್ತರ ಅಂದುಕೊಂಡು ಬೆರಳು ಒತ್ತಬೇಡಿ. ಬಾಯಿ ಆಡಬೇಕು.

ಚೀನೀ ಭಾಷೆಯಲ್ಲಿ ಬಾಯಿಪಾಠ ಒಪ್ಪಿಸುವುದಕ್ಕೂ ಬೆನ್ನಿಗೂ ಒಂದೇ ಅಕ್ಷರ. ಅಲ್ಲಿನ ಹಳೇ ಶಾಲೆಯಲ್ಲಿ ಹುಡುಗ ಪುಸ್ತಕವನ್ನು ಮೇಷ್ಟರ ಮೇಜಿನ ಮೇಲಿಟ್ಟು, ಅವರಿಗೆ ಬೆನ್ನು ತಿರುಗಿಸಿ ನಿಂತು ಹೇಳಬೇಕಿತ್ತು. ಕದ್ದು ನೋಡುವ ಹಾಗಿಲ್ಲ. ನೀವೂ ನೋಟ್‌ಬುಕ್ಕನ್ನು ರೂಮ್‌ಮೇಟ್ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿ ನಿಂತು ಹೇಳಿ. ಮೊದಲ ದಿನವೇ ವ್ಯತ್ಯಾಸ ತಿಳಿಯುತ್ತದೆ. ಗೊತ್ತಿದೆ ಅಂದುಕೊಂಡಿದ್ದ ಎಷ್ಟೋ ಪದ ಬಾಯಿಗೆ ಬರುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಕಲಿಕೆ ಶುರುವಾಗುವುದು ಅಲ್ಲಿಂದ.

ಬಾಯಿಪಾಠಕ್ಕೆ ಒಂದು ಮಿತಿಯೂ ಇದೆ. ಅದು ಕಲಿತ ಸಾಲನ್ನು ಕಲಿತ ಹಾಗೇ ಹೇಳಿಸುತ್ತದೆ. ಪರೀಕ್ಷೆಯ ಮಾತಿನ ಭಾಗದಲ್ಲಿ ಎದುರಿನವರ ಜೊತೆ ಕೂತು ಏನಾದರೂ ಯೋಜನೆ ಹಾಕಬೇಕು, ಒಂದು ವಿಷಯ ಮಂಡಿಸಬೇಕು, ಬಂದ ಪ್ರಶ್ನೆಗೆ ಉತ್ತರ ಕೊಡಬೇಕು. ಇದಕ್ಕೆ ಅವಧಾನ ನೋಡಿ. ಅಷ್ಟಾವಧಾನದಲ್ಲಿ ಎಂಟು ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಸುತ್ತ ಕೂತಿರುತ್ತಾರೆ. ಒಬ್ಬರು ಪದ್ಯದ ಒಂದು ಸಾಲು ಕೊಟ್ಟು ಪೂರ್ತಿ ಮಾಡಿ ಅನ್ನುತ್ತಾರೆ, ಒಬ್ಬರು ಅಕ್ಷರ ನಿಷೇಧ ಮಾಡುತ್ತಾರೆ, ಇನ್ನೊಬ್ಬರು ಮಧ್ಯೆ ಮಧ್ಯೆ ಸಂಬಂಧವಿಲ್ಲದ ಪ್ರಶ್ನೆ ಹಾಕಿ ದಾರಿ ತಪ್ಪಿಸುತ್ತಾರೆ. ಅದಕ್ಕೆ ಅಪ್ರಸ್ತುತ ಪ್ರಸಂಗ ಅಂತಲೇ ಹೆಸರು. ಅವಧಾನಿ ಸುತ್ತಿಗೊಂದು ಸಾಲು ಕಟ್ಟುತ್ತಾ ಹೋಗಿ ಕೊನೆಗೆ ಎಲ್ಲ ಪದ್ಯಗಳನ್ನೂ ನೆನಪಿನಿಂದ ಹೇಳುತ್ತಾರೆ. ಕನ್ನಡದಲ್ಲಿ ಶತಾವಧಾನಿ ಗಣೇಶರ ಅವಧಾನ ನೋಡಿದವರಿಗೆ ಇದರ ಸೊಗಸು ಗೊತ್ತು. ನಮ್ಮ ಮನೆಯಲ್ಲಿ ನಾನು ಹುರುಳಿಕಾಯಿ ಹೆಚ್ಚುತ್ತಾ ಜರ್ಮನ್‌ನಲ್ಲಿ ನನ್ನ ದಿನದ ಕಥೆ ಹೇಳುತ್ತಿದ್ದೆ. ಮಗಳು ನಡುವೆ ಬಾಯಿ ಹಾಕಿ, ಇವತ್ತು ಏನು ವಾರ, ಈರುಳ್ಳಿಗೆ ಏನಂತಾರೆ, ಟೈಮ್ ಎಷ್ಟು ಅಂತ ಕೇಳುತ್ತಿದ್ದಳು. ಜರ್ಮನ್‌ನಲ್ಲೇ ಉತ್ತರ ಕೊಟ್ಟು, ಬಿಟ್ಟ ವಾಕ್ಯವನ್ನು ಬಿಟ್ಟಲ್ಲಿಂದಲೇ ಹಿಡಿಯಬೇಕು. ಮೊದಮೊದಲು ಕ್ರಿಯಾಪದವೇ ಮರೆತುಹೋಗುತ್ತಿತ್ತು. ಎರಡು ತಿಂಗಳಿಗೆ ಪದಗಳು ಕರೆದಲ್ಲಿಗೆ ಬರತೊಡಗಿದವು.

ಹಾಗಾಗಿ ಚೀಟಿ ಬರೆಯುವುದಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ದಿನಾ ಯಾರಿಗೆ ಒಪ್ಪಿಸುತ್ತೀರಿ ಅಂತ ಗೊತ್ತು ಮಾಡಿಕೊಳ್ಳಿ. ಅವರಿಗೆ ಜರ್ಮನ್ ಬರಬೇಕಾಗಿಲ್ಲ, ಚೀಟಿ ನೋಡಿ ಡೆರ್ ಅಂದಿರಾ ಡೀ ಅಂದಿರಾ ಅಂತ ಹೇಳಿದರೆ ಸಾಕು. ಹಾಸ್ಟೆಲಿನಲ್ಲಿ ಯಾರೂ ಸಿಗದಿದ್ದರೆ ರಾತ್ರಿ ನಿಮ್ಮ ತಾಯಿಗೆ ಫೋನ್ ಮಾಡಿ. ತಮ್ಮ ತಂದೆ ಅಮರ ಹೇಳುವುದನ್ನು ಕೇಳಿ ಬೆಳೆದವರು ಅವರು. ಎಲ್ಲಿ ತಡವರಿಸಿದಿರಿ ಅನ್ನುವುದು ಅವರ ಕಿವಿಗೆ ತಕ್ಷಣ ಗೊತ್ತಾಗುತ್ತದೆ.